ಮುಸುರೆ ನೀರಿನ ದಾರಿ

ಹಾನುಬಾಳಿನ ಸುತ್ತಲಿನ ಊರುಗಳಲ್ಲಾಗಲಿ, ಸಕಲೇಶಪುರ, ಆಲೂರಿನ ಕಡೆಯಾಗಲಿ, ಹೊಸ ಮನೆಯ ಅಡುಗೆಕೋಣೆಯಲ್ಲಿ ಸಿಂಕು ಕಟ್ಟಿಕೊಂಡರೆ ಮೊದಲು ಬೈಸಿಕೊಳ್ಳುವವನು ಪ್ಲಂಬರ್, ಆಮೇಲೆ ಅವನು ಹಾಕಿದ ಪೈಪು. ಕೆಟ್ಟ ಕೆಲಸ ಇಲ್ಲವೆನ್ನಲಾರೆ. ಆದರೆ ಚೆನ್ನಾಗಿ ಜೋಡಿಸಿದ ಪೈಪೂ ಕಟ್ಟಿಕೊಳ್ಳುತ್ತದಲ್ಲ, ಅದಕ್ಕೇನು ಹೇಳುವುದು? ಹಿಂದೆ ಕೊಟ್ಟಿಗೆ, ಹಿತ್ತಲು, ಒಲೆ ಮೂರೂ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಈಗ ಒಂದೂವರೆ ಇಂಚಿನ ಒಂದು ಕೊಳವೆಯ ತಲೆಗೆ ಕಟ್ಟಿದ್ದೇವೆ. ಸಿಂಕಿನ ಕಾಯಿಲೆ ಶುರುವಾದದ್ದು ಅಲ್ಲಿಂದ ಎಂಬುದು ನನ್ನ ವಾದ.

ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಯ ಕೊಳೆಗೆ ಒಂದೇ ದಾರಿ ಇರಲಿಲ್ಲ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅನ್ನ ಎಲ್ಲ ಕಲಗಚ್ಚಿನ ಬಾನಿಗೆ ಬಿದ್ದು, ಅಲ್ಲಿಂದ ಹಸುವಿನ ಹೊಟ್ಟೆಗೆ ಹೋಗುತ್ತಿತ್ತು. ಮೂಳೆ ನಾಯಿಗೆ. ಹಿತ್ತಲಿನ ಮುಸುರೆ ಕಲ್ಲಿಗೆ ಬರುತ್ತಿದ್ದುದು ಪಾತ್ರೆಗಂಟಿದ ಜಿಡ್ಡು ಮಾತ್ರ. ಅದಕ್ಕೆ ತೆಂಗಿನ ನಾರು, ಒಲೆಯ ಬೂದಿ. ಎಣ್ಣೆ ಹೆಚ್ಚಿದ್ದರೆ ಸೀಗೆಪುಡಿ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ನೀರು ಸೋಕಿದೊಡನೆ ಅದು ಕ್ಷಾರ. ಜಿಡ್ಡನ್ನು ಒಂದಷ್ಟು ಸಾಬೂನು ಮಾಡಿಬಿಡುತ್ತದೆ, ಉಳಿದದ್ದನ್ನು ಬೂದಿಯ ಕಣ ಹೀರಿಕೊಳ್ಳುತ್ತದೆ. ಆ ನೀರು ತೆರೆದ ಕಾಲುವೆಯಲ್ಲಿ ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹರಿಯುತ್ತಿತ್ತು. ಆ ಕಾಲುವೆಯೂ ಕಟ್ಟಿಕೊಳ್ಳುತ್ತಿತ್ತು, ಆದರೆ ಕಟ್ಟಿಕೊಂಡ ಜಾಗ ಕಣ್ಣಿಗೆ ಕಾಣುತ್ತಿತ್ತು. ಗುದ್ದಲಿಯಲ್ಲಿ ಒಮ್ಮೆ ಎಳೆದರೆ ಮುಗಿಯಿತು. ಪೇಟೆಯವರೂ ಮನೆಯ ಹಿಂಬದಿಯನ್ನು ಮರೆತಿರಲಿಲ್ಲ. 1898ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಕಟ್ಟುವಾಗ ಮನೆಗಳ ಹಿಂದೆ ಕೊಳೆ ಸಾಗಿಸಲೆಂದೇ ಓಣಿಗಳನ್ನು ಬಿಟ್ಟಿದ್ದರು.

ಈ ಏರ್ಪಾಡು ಒಂದೇ ದಿನ ಕುಸಿಯಲಿಲ್ಲ. ಅಡುಗೆ ಅನಿಲ ಬಂತು, ಅಡುಗೆಮನೆಯಲ್ಲಿ ಬೂದಿ ಇಲ್ಲವಾಯಿತು. 2016ರ ಉಜ್ವಲ ಯೋಜನೆಯ ನಂತರ ಕೂಲಿಲೈನಿನ ಮನೆಗಳಿಗೂ ಸಿಲಿಂಡರ್ ತಲುಪಿತು. ಹಸು ಸಾಕುವವರು ಕಡಿಮೆಯಾದರು, ಬಾನಿ ಮೂಲೆ ಸೇರಿತು. ಮುಸುರೆ ಕಲ್ಲು ಒಳಗೆ ಬಂದು ಸಿಂಕಾಯಿತು, ಕಾಲುವೆ ಪಿವಿಸಿ ಪೈಪಾಗಿ ಗೋಡೆಯೊಳಗೆ ಅಡಗಿತು. ಅದರ ಜೊತೆಗೇ ಟ್ರಾಪ್ ಬಂತು. ಕೊಳವೆಯನ್ನು ಬಾಗಿಸಿ ಅಲ್ಲಿ ನೀರು ನಿಲ್ಲಿಸುವ ಉಪಾಯಕ್ಕೆ 1775ರಲ್ಲೇ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದಿದ್ದ. ಅವನು ಮಾಡಿದ್ದು ಪಾಯಿಖಾನೆಗಾಗಿ, ಚರಂಡಿಯ ನಾತ ಮೇಲೆ ಬಾರದಿರಲೆಂದು. ನಾತವನ್ನೇನೋ ಅದು ಇಂದಿಗೂ ತಡೆಯುತ್ತಿದೆ. ಆದರೆ ಅಡುಗೆಯ ನೀರು ಬಿಸಿ ಕಳೆದುಕೊಂಡು ನಿಲ್ಲುವ ಮೊದಲ ಜಾಗವೂ ಅದೇ.

ನಮ್ಮ ಬೆಟ್ಟದ ಚಳಿ ಕೆಲಸ ಮಾಡುವುದು ಇಲ್ಲಿ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುತ್ತದೆ. ಅದು ಕರಗಿರಲು 24 ಡಿಗ್ರಿ ಸೆಲ್ಸಿಯಸ್ಸಿನಷ್ಟಾದರೂ ಶಾಖ ಬೇಕು. ಹಂದಿಯ ಕೊಬ್ಬು, ಡಾಲ್ಡಾ ಅದಕ್ಕೂ ಮೊದಲೇ ಗಟ್ಟಿ. ಕಡುಬು, ಹಂದಿ ಸಾರಿನ ಊಟ ಮುಗಿದ ರಾತ್ರಿ ಸಿಂಕಿಗಿಳಿದ ಕೊಬ್ಬು ಬೆಳಗಾಗುವಷ್ಟರಲ್ಲಿ ಪೈಪಿನ ಒಳಮೈಗೆ ಮೇಣದಂತೆ ಕೂತಿರುತ್ತದೆ. ಅದರ ಮೇಲೆ ಬೆಳಗಿನ ಕಾಫಿ ಚರಟ ಬಿದ್ದು ಅಂಟುತ್ತದೆ, ಚರಟದ ಮೇಲೆ ಅನ್ನದ ಅಗುಳು. ಸಿಂಕಿನ ಕೆಳಗೆ ಹಾಕುವ ಸುರುಳಿ ಸುರುಳಿಯಾದ ಬಾಗುವ ಪ್ಲಾಸ್ಟಿಕ್ ಪೈಪನ್ನು ಒಮ್ಮೆ ಬಿಚ್ಚಿ ನೋಡಿ: ಪ್ರತಿ ಮಡಿಕೆಯಲ್ಲೂ ಬೂದು ಬಣ್ಣದ ಒಂದು ಬಳೆ ಕೂತಿರುತ್ತದೆ, ಬೆರಳಿಟ್ಟರೆ ಜಾರುತ್ತದೆ, ಉಗುರಿಗೆ ಚರಟ ಸಿಗುತ್ತದೆ. ಪಾತ್ರೆ ಸೋಪು ಜಿಡ್ಡನ್ನು ಕರಗಿಸಿಬಿಡುವುದಿಲ್ಲವೇ ಎಂದು ಕೇಳಬಹುದು. ಸೋಪು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುತ್ತದೆ, ಅಷ್ಟೆ. ಮುಂದೆ ಹೋಗಿ ನೀರು ತಣ್ಣಗಾಗಿ, ಸೋಪು ತೆಳುವಾದಾಗ ಹನಿಗಳು ಮತ್ತೆ ಒಂದಾಗುತ್ತವೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ 250 ಮೀಟರ್ ಉದ್ದದ, 130 ಟನ್ ತೂಕದ ಕೊಬ್ಬಿನ ಗಡ್ಡೆ ಸಿಕ್ಕಿತು. ಅಲ್ಲಿ ಸೋಪಿಗೇನು ಬರವಿತ್ತೇ?

ಹಾಗಾದರೆ ಹಳೆಯದಕ್ಕೇ ಮರಳಬೇಕೇ? ಖಂಡಿತ ಬೇಡ. ಆಷಾಢದ ಮಳೆಯಲ್ಲಿ ಸೂರಿನಂಚಿಗೆ ಕುಕ್ಕರುಗಾಲಲ್ಲಿ ಕೂತು, ಬೂದಿಯಿಂದ ಬಿರಿದ ಕೈಯಲ್ಲಿ ಮುಸುರೆ ತಿಕ್ಕಿದವರು ಹೆಂಗಸರು. ನಿಂತು ತೊಳೆಯುವ ಸಿಂಕು ಅವರ ಸೊಂಟಕ್ಕೆ ಸಿಕ್ಕ ನ್ಯಾಯ. ಬಚ್ಚಲ ಹಂಡೆಯೊಲೆಯಲ್ಲಿ ಬೂದಿ ಇನ್ನೂ ಇದೆಯಲ್ಲ ಎಂದು ಅದನ್ನು ಸಿಂಕಿಗೆ ತರುವವರೂ ಇದ್ದಾರೆ. ತೆರೆದ ಕಾಲುವೆಯಲ್ಲಿ ಉಪಕಾರಿಯಾಗಿದ್ದ ಬೂದಿ ಟ್ರಾಪಿನ ತಳದಲ್ಲಿ ಕೆಸರಾಗಿ ಕೂರುತ್ತದೆ, ಅದು ಬೇಡ. ಉಳಿಸಿಕೊಳ್ಳಬೇಕಾದ್ದು ಹಳಬರ ಸರದಿ: ಮೊದಲು ಗಟ್ಟಿ, ಆಮೇಲೆ ಜಿಡ್ಡು, ಕೊನೆಗೆ ನೀರು. ಹಸು ಇಲ್ಲದಿದ್ದರೆ ಮುಚ್ಚಳದ ಬಕೆಟ್ಟು ಸಾಕು, ಅದರಲ್ಲಿ ತುಂಬಿದ್ದು ತೋಟದ ಗೊಬ್ಬರದ ಗುಂಡಿಗೆ ಹೋಗಲಿ. ಪೇಟೆಯಲ್ಲಿ ಘನತ್ಯಾಜ್ಯ ನಿಯಮದಂತೆ ಹಸಿ ಕಸವನ್ನು ಹೇಗೂ ಬೇರೆ ಮಾಡಲೇಬೇಕು. ಜಿಡ್ಡಿನ ಬಾಣಲೆಯನ್ನು ಹಳೇ ಪೇಪರಿನಲ್ಲಿ ಒರೆಸಿ, ಆ ಪೇಪರನ್ನು ಹಂಡೆಯೊಲೆಗೆ ಹಾಕಿದರೆ ಬೆಂಕಿಯೂ ಚೆನ್ನಾಗಿ ಹತ್ತುತ್ತದೆ. ಇಷ್ಟಕ್ಕೆಲ್ಲ ಹೊತ್ತೆಲ್ಲಿದೆ ಎನ್ನುವವರು ಪ್ಲಂಬರಿಗಾಗಿ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಲಿ.

ಆಗಲೇ ಕಟ್ಟಿಕೊಂಡಿದ್ದರೆ? ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿಯುವುದು ಈಗಿನ ಜನಪ್ರಿಯ ಮದ್ದು. ನೊರೆ ನೋಡಲು ಚೆಂದ, ಆದರೆ ಆಮ್ಲ ಕ್ಷಾರ ಎರಡೂ ಒಂದನ್ನೊಂದು ಕೊಂದು ಉಳಿಯುವುದು ಇಂಗಾಲದ ಡೈಆಕ್ಸೈಡ್ ಗುಳ್ಳೆ ಮತ್ತು ಉಪ್ಪುನೀರು. ಗುಣ ಕಂಡವರಿಗೆ ಆಮೇಲೆ ಹೊಯ್ದ ಬಿಸಿನೀರೇ ಗುಣ ಮಾಡಿರುತ್ತದೆ. ಬಿಸಿನೀರೂ ಕೈ ಸುಡದಷ್ಟಿರಲಿ; ಕುದಿಯುವ ನೀರಿಗೆ ಪಿವಿಸಿ ಮೆತ್ತಗಾಗಿ ಕೀಲು ಸಡಿಲವಾಗುತ್ತದೆ. ಕಾಸ್ಟಿಕ್ ಸೋಡಾ ಕೊಬ್ಬನ್ನು ನಿಜವಾಗಿಯೂ ಸಾಬೂನು ಮಾಡುತ್ತದೆ, ಬೂದಿಯ ಗುಣದ ಉಗ್ರ ರೂಪ ಅದು. ಆದರೆ ಕೊಳವೆ ಪೂರ್ತಿ ಮುಚ್ಚಿದ್ದರೆ ಅದು ಅಲ್ಲೇ ನಿಂತು ಕುದಿಯುತ್ತದೆ, ಮೇಲೆ ಸಿಡಿದರೆ ಕಣ್ಣು ಹೋಗುತ್ತದೆ. ಆದ್ದರಿಂದ ಕೈಕೆಲಸವೇ ಮೊದಲು. ಕೆಳಗೊಂದು ಬಕೆಟ್ಟಿಟ್ಟು, ಬಾಟಲ್ ಟ್ರಾಪಿನ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ ಕೆಸರು ತೆಗೆಯಿರಿ, ವಾಷರ್ ಕಳೆಯದೆ ಮರುಜೋಡಿಸಿ. ಆಗಲೂ ನೀರು ನಿಂತರೆ ರಬ್ಬರ್ ಪಂಪು; ಸಿಂಕಿನ ಮೇಲಿನ ಸಣ್ಣ ತೂತಿಗೆ ಒದ್ದೆ ಬಟ್ಟೆ ತುರುಕದಿದ್ದರೆ ಒತ್ತಡವೆಲ್ಲ ಅಲ್ಲಿಂದಲೇ ಹೊರಹೋಗುತ್ತದೆ. ಇನ್ನು ಮನೆ ಕಟ್ಟುತ್ತಿರುವವರಿಗೆ ಒಂದು ಮಾತು: ಸಿಂಕಿನ ಪೈಪಿಗೆ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಕೊಡಿಸಿ, ತಿರುವಿರುವಲ್ಲೆಲ್ಲ ಬಿಚ್ಚಲು ಬರುವ ಡೋರ್ ಎಲ್ಬೋ ಹಾಕಿಸಿ, ಅದರ ಮುಚ್ಚಳದ ಮೇಲೆ ಟೈಲ್ಸ್ ಅಂಟಿಸಲು ಮಾತ್ರ ಮೇಸ್ತ್ರಿಗೆ ಬಿಡಬೇಡಿ.