ಕಣ್ಣಿಗೆ ಒಗ್ಗುವ ಬೆಳಕಿನ ಬಿಲ್ಲೆ

ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಹಗಲು ಹೊತ್ತಿನಲ್ಲಿ ಅದನ್ನು ಬಾನಿನತ್ತ ತಿರುಗಿಸಿ. ಸೂರ್ಯನಿರುವ ದಿಕ್ಕು ಮಾತ್ರ ಬೇಡವೇ ಬೇಡ. ಈಗ ಅದನ್ನು ಕಣ್ಣಿಗೆ ಒತ್ತಿಕೊಳ್ಳದೆ ಒಂದು ಮೊಳ ದೂರ ಹಿಡಿದು ನೋಡಿ. ಕಣ್ಣಿಡುವ ಗಾಜಿನ ನಡುವೆ, ಸುಮಾರು ಅರ್ಧ ಸೆಂಟಿಮೀಟರ್ ಅಗಲದ ಉರುಟು ಬೆಳಕಿನ ಬಿಲ್ಲೆಯೊಂದು ಕಾಣುತ್ತದೆ. ಮುಂದಿನ ದೊಡ್ಡ ಮಸೂರ ಹಿಡಿದ ಬೆಳಕೆಲ್ಲ ಹೊರಬರುವುದು ಇದರ ಮೂಲಕವೇ. ಹವ್ಯಾಸಿ ವೀಕ್ಷಕರು ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಇವತ್ತಿನ ಮಾತಿನ ಮಟ್ಟಿಗೆ ಬಿಲ್ಲೆ ಎಂದರೆ ಸಾಕು.

ದೂರದರ್ಶಕ ಕೊಳ್ಳಲು ಹೊರಟವರು ಮೊದಲು ಕೇಳುವುದು, ‘ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?’ ಎಂದು. ಪೆಟ್ಟಿಗೆಯ ಮೇಲೂ ಅದನ್ನೇ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ನನ್ನನ್ನು ಕೇಳಿದರೆ, ಕೇಳಬೇಕಾದ್ದು ಬಿಲ್ಲೆ ಎಷ್ಟು ಮಿಲಿಮೀಟರ್ ಎಂದು.

ಲೆಕ್ಕ ಬರೀ ಒಂದು ಭಾಗಾಕಾರ. ಮುಂದಿನ ಗಾಜಿನ ಅಗಲವನ್ನು ವರ್ಧನೆಯಿಂದ ಭಾಗಿಸಿ. ಬೈನಾಕ್ಯುಲರ್ ಮೇಲೆ 10×50 ಎಂದಿದ್ದರೆ, 50ನ್ನು 10ರಿಂದ ಭಾಗಿಸಿದಾಗ 5 ಮಿಲಿಮೀಟರ್. 7×50 ಆದರೆ 7ಕ್ಕಿಂತ ತುಸು ಹೆಚ್ಚು.

ದೂರದರ್ಶಕದಲ್ಲಿ ಕಣ್ಣಿಡುವ ಗಾಜನ್ನು, ಅಂದರೆ ಐಪೀಸನ್ನು, ಬದಲಾಯಿಸಿದಂತೆಲ್ಲ ವರ್ಧನೆ ಬದಲಾಗುವುದರಿಂದ ಬಿಲ್ಲೆಯೂ ಬದಲಾಗುತ್ತದೆ. 200 ಮಿಲಿಮೀಟರ್ ಅಗಲದ ಕನ್ನಡಿ, 1200 ಮಿಲಿಮೀಟರ್ ಸಂಗಮದೂರದ ದೂರದರ್ಶಕ ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿದೆ. 1200ನ್ನು 200ರಿಂದ ಭಾಗಿಸಿದರೆ 6. ಕೊಳವೆಯ ಮೇಲೆ ಎಫ್/6 ಎಂದು ಬರೆದಿರುವುದು ಇದನ್ನೇ. ಇನ್ನು ವರ್ಧನೆಯ ಗೊಡವೆಯೇ ಬೇಡ. ಐಪೀಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವ ಸಂಖ್ಯೆಯನ್ನು ಈ 6ರಿಂದ ಭಾಗಿಸಿಬಿಡಿ. 25ರ ಐಪೀಸಿಗೆ ಬಿಲ್ಲೆ 4.2 ಮಿಲಿಮೀಟರ್, 12ರದ್ದಕ್ಕೆ 2, 6ರದ್ದಕ್ಕೆ 1. ನಡುವೆ ವರ್ಧನೆಯನ್ನು ಎರಡು ಪಟ್ಟು ಮಾಡುವ ಬಾರ್ಲೋ ಮಸೂರ ಸೇರಿಸಿದರೆ ಬಂದ ಉತ್ತರದ ಅರ್ಧ.

ಈ ಸಂಖ್ಯೆಯನ್ನು ಎರಡಕ್ಕೆ ತಾಳೆ ಹಾಕಬೇಕು. ಮೊದಲನೆಯದು ನಿಮ್ಮ ಕಣ್ಣು. ಕತ್ತಲಲ್ಲಿ ಇಪ್ಪತ್ತು ಮೂವತ್ತು ನಿಮಿಷ ಇದ್ದು ಕಣ್ಣು ಹೊಂದಿಕೊಂಡ ಮೇಲೆ, ಹರೆಯದವರ ಪಾಪೆ 7 ಮಿಲಿಮೀಟರ್‌ವರೆಗೂ ಅಗಲವಾಗಬಲ್ಲದು. ಐವತ್ತು ದಾಟಿದವರಲ್ಲಿ ಅದು 5ರ ಆಸುಪಾಸಿನಲ್ಲೇ ನಿಲ್ಲುವುದು ಸಾಮಾನ್ಯ, ಆದರೂ ಒಬ್ಬರಂತೆ ಇನ್ನೊಬ್ಬರ ಕಣ್ಣಿಲ್ಲ. ಅದೇ ದೂರದರ್ಶಕಕ್ಕೆ 40ರ ಐಪೀಸ್ ಹಾಕಿದಿರಿ ಅನ್ನಿ, ಬಿಲ್ಲೆ 6.7 ಮಿಲಿಮೀಟರ್. 5ರ ಪಾಪೆಯವರಿಗೆ ಇದು ಕಿರುಬಾಯಿಯ ಚೊಂಬಿಗೆ ಅಗಲಬಾಯಿಯ ಕೊಡದಿಂದ ನೀರು ಹೊಯ್ದ ಹಾಗೆ. ಸುತ್ತ ಚೆಲ್ಲಿದ್ದೆಲ್ಲ ವ್ಯರ್ಥ. 200 ಮಿಲಿಮೀಟರ್ ಕನ್ನಡಿಗೆ ದುಡ್ಡು ಕೊಟ್ಟು ಅವರು ನೋಡುವುದು 150ರದ್ದರಲ್ಲಿ. ಬೆಳಕಿನ ಲೆಕ್ಕದಲ್ಲಿ ನೂರಕ್ಕೆ 56 ಪಾಲು ಮಾತ್ರ.

ಎರಡನೆಯದು, ಏನನ್ನು ನೋಡುತ್ತಿದ್ದೀರಿ ಎನ್ನುವುದು. ಇಲ್ಲಿ ಹಲವರು ನಂಬದ ಸಂಗತಿಯೊಂದಿದೆ. ಎಷ್ಟೇ ದೊಡ್ಡ ದೂರದರ್ಶಕವಾದರೂ ಅದು ನೀಹಾರಿಕೆಯನ್ನು ಬರಿಗಣ್ಣಿಗಿಂತ ಪ್ರಕಾಶಮಾನವಾಗಿ ತೋರಿಸಲಾರದು. ದೊಡ್ಡದು ಮಾಡುತ್ತದೆ, ಅಷ್ಟೆ. ಚುಕ್ಕಿಯಂತಿರುವ ನಕ್ಷತ್ರಗಳ ಮಾತು ಬೇರೆ. ಹರಡಿಕೊಂಡ ವಸ್ತುವಿನ ಹೊಳಪು ಬಿಲ್ಲೆಯ ಅಗಲದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 5 ಮಿಲಿಮೀಟರ್ ಪಾಪೆಗೆ 1 ಮಿಲಿಮೀಟರ್ ಬಿಲ್ಲೆ ಸಿಕ್ಕರೆ ಹೊಳಪು ಇಪ್ಪತ್ತೈದರಲ್ಲೊಂದು ಪಾಲು. ಹೆಚ್ಚು ವರ್ಧನೆ ಹಾಕಿದಾಗ ಚಿತ್ರ ಮಸುಕಾಗುವುದಕ್ಕೆ ಮುಖ್ಯ ಕಾರಣ ಇದೇ. ಐಪೀಸನ್ನು ಬೈದು ಫಲವಿಲ್ಲ.

ಹೀಗಾಗಿ ಹರಡಿಕೊಂಡ ನೀಹಾರಿಕೆಗೆ, ಅದರಲ್ಲೂ ಬೆಳಕನ್ನು ಸೋಸುವ ಫಿಲ್ಟರ್ ಹಾಕಿಕೊಂಡಾಗ, 4ರಿಂದ 6 ಮಿಲಿಮೀಟರ್ ಒಳ್ಳೆಯದು. ಚಿಕ್ಕ ಗೆಲಾಕ್ಸಿಗಳಿಗೆ 2ರ ಆಚೀಚೆ. ಬೆಂಗಳೂರಿನಂಥ ಊರಿನಲ್ಲಿ ನಿಂತು ನೋಡುವವರಿಗಂತೂ ಈ 2 ತುಂಬ ಒದಗುತ್ತದೆ. ಬೀದಿದೀಪದಿಂದ ಬೂದುಬಣ್ಣಕ್ಕೆ ತಿರುಗಿದ ಬಾನೂ ಗೆಲಾಕ್ಸಿಯೂ ಒಂದೇ ಪ್ರಮಾಣದಲ್ಲಿ ಮಂಕಾಗುತ್ತವೆ ನಿಜ. ಆದರೆ ಗೆಲಾಕ್ಸಿ ದೊಡ್ಡದಾಗುವುದರಿಂದ ಕಣ್ಣು ಅದನ್ನು ಗುರುತಿಸುತ್ತದೆ. ಚಂದ್ರ, ಗುರು, ಶನಿಗಳಲ್ಲಿ ಬೆಳಕು ಧಾರಾಳ. ಅವಕ್ಕೆ 1 ಅಥವಾ ಅದಕ್ಕೂ ತುಸು ಕಡಿಮೆ. ಅರ್ಧ ಮಿಲಿಮೀಟರಿಗಿಂತ ಕೆಳಗಿಳಿದರೆ ನಮ್ಮ ಕಣ್ಣೊಳಗೇ ತೇಲುವ ಎಳೆಗಳು, ಚುಕ್ಕೆಗಳು ಶನಿಯ ಉಂಗುರದ ಮುಂದೆ ಓಡಾಡತೊಡಗುತ್ತವೆ.

ದೊಡ್ಡ ಕನ್ನಡಿಗೂ ಲೆಕ್ಕ ಇದೇ. ತಮಿಳುನಾಡಿನ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಣು ಬಾಪು ದೂರದರ್ಶಕವಿದೆ. ಕನ್ನಡಿಯ ಅಗಲ 2.34 ಮೀಟರ್. ಅದಕ್ಕೆ ಐಪೀಸ್ ಹಾಕಿ ನೋಡುವುದಾದರೆ, 7 ಮಿಲಿಮೀಟರ್ ಪಾಪೆಯವರಿಗೂ ಬೆಳಕು ಚೆಲ್ಲದಂತಿರಲು ಕನಿಷ್ಠ 334 ಪಟ್ಟು ವರ್ಧನೆ ಬೇಕು. ದೊಡ್ಡ ಕನ್ನಡಿಯಲ್ಲಿ ಅಗಲವಾದ ಬಾನನ್ನು ಕಣ್ತುಂಬ ನೋಡುತ್ತೇನೆ ಎಂದರೆ ಆಗುವುದಿಲ್ಲ. ಅದು ಪುಟ್ಟ ಬೈನಾಕ್ಯುಲರಿನ ಕೆಲಸ.

ನಿಮ್ಮ ಪಾಪೆ ಎಷ್ಟೆಂದು ತಿಳಿಯಲು ಸೈಕಲ್ ರಿಪೇರಿಗೆ ಬಳಸುವ ಅಲೆನ್ ಕೀಗಳು ಸಾಕು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಒಂದು ಕಣ್ಣು ಮುಚ್ಚಿ. 4 ಮಿಲಿಮೀಟರಿನ ಕೀಯನ್ನು ಇನ್ನೊಂದು ಕಣ್ಣಿನ ಮುಂದೆ ಹತ್ತಿರದಲ್ಲಿ, ತಾಗದಂತೆ ನೆಟ್ಟಗೆ ಹಿಡಿದು ನಕ್ಷತ್ರವೊಂದನ್ನು ನೋಡಿ. ಕೀ ಪಾಪೆಗಿಂತ ಸಪೂರವಿದ್ದರೆ ಎರಡೂ ಪಕ್ಕದಿಂದ ಬೆಳಕು ನುಸುಳಿ ನಕ್ಷತ್ರ ಕಾಣುತ್ತಲೇ ಇರುತ್ತದೆ. ಆಮೇಲೆ 5, ಆಮೇಲೆ 6. ಯಾವ ಕೀ ನಕ್ಷತ್ರವನ್ನು ಪೂರ್ತಿ ಮರೆಮಾಡುತ್ತದೋ ಅದಕ್ಕಿಂತ ಸ್ವಲ್ಪ ಕಡಿಮೆ ನಿಮ್ಮ ಪಾಪೆಯ ಅಗಲ. ಅದನ್ನು ನಿಮ್ಮ ದೂರದರ್ಶಕದ ಎಫ್ ಸಂಖ್ಯೆಯಿಂದ ಗುಣಿಸಿ. 5 ಬಂದು ಎಫ್/6 ಇದ್ದರೆ 30. ಅದಕ್ಕಿಂತ ಹೆಚ್ಚಿನ ಮಿಲಿಮೀಟರಿನ ಐಪೀಸ್ ಅಂಗಡಿಯವರು ತೋರಿಸಿದರೆ ಕೊಳ್ಳುವ ಅಗತ್ಯವಿಲ್ಲ.