ಕೂಸಿನ ಲಂಗೋಟಿಯ ದದ್ದು
(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯನಾದವನು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಮಾತನಾಡುವುದು ವಾಡಿಕೆ. ಈ ಸಲ ನಾವು ಹಸುಗೂಸಿನ ಲಂಗೋಟಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಹಿಂದಿನ ಸಾಲಿನ ಹುಡುಗರು ನಗುತ್ತಿರುವುದು ನಮಗೆ ಕಾಣುತ್ತಿದೆ. ನಗಲಿ, ಅವರೂ ಒಂದು ಕಾಲಕ್ಕೆ ಅದನ್ನು ಉಟ್ಟವರೇ.

ಈ ವಿಷಯ ನಮ್ಮ ಗಮನಕ್ಕೆ ಬಂದುದು ಹಾಜರಿ ಪುಸ್ತಕದ ಮೂಲಕ. ಐದನೆಯ ತರಗತಿಯ ಹುಡುಗಿಯೊಬ್ಬಳು ಒಂಬತ್ತು ದಿನ ಶಾಲೆಗೆ ಬಂದಿರಲಿಲ್ಲ. ವಿಚಾರಿಸಲೆಂದು ಮನೆಗೆ ಹೋದೆವು. ತಾಯಿ ಗುಲಾಬಿ ತೋಟದ ಕೆಲಸಕ್ಕೆ ಹೋಗಿದ್ದರು. ತಂದೆ ಸಿಪ್‌ಕಾಟ್‌ನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದರು. ಹುಡುಗಿ ಹತ್ತು ತಿಂಗಳ ತಮ್ಮನನ್ನು ಸೊಂಟದ ಮೇಲೆ ಹೊತ್ತು ಅಂಗಳದಲ್ಲಿ ಅಡ್ಡಾಡುತ್ತಿದ್ದಳು. ಕೂಸು ಎಡೆಬಿಡದೆ ಅಳುತ್ತಿತ್ತು. ಅದರ ತೊಡೆಸಂದಿಯೂ ಕುಂಡಿಯೂ ಸುಟ್ಟ ಗಾಯದಂತೆ ಕೆಂಪಗೆ ಹೊಳೆಯುತ್ತಿದ್ದವು. "ಮುಲಾಮು ಹಚ್ತಾನೇ ಇದೀವಿ ಸಾರ್. ಹಚ್ಚಿದ್ರೆ ಎರಡು ದಿನ ಕಡಮೆಯಾಗುತ್ತೆ, ಬಿಟ್ರೆ ಮೊದಲಿಗಿಂತ ಜಾಸ್ತಿಯಾಗುತ್ತೆ" ಎಂದಳು. ಆ ಮುಲಾಮಿನ ಕೊಳವೆಯನ್ನು ತರಿಸಿ ನೋಡಿದೆವು. ಅದರ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಮೊದಲು ಈ ದದ್ದು ಏಕೆ ಬರುತ್ತದೆಂಬುದನ್ನು ತಿಳಿಯೋಣ. ನಮ್ಮ ಹಿರಿಯರು ಇದನ್ನು ಉಷ್ಣವೆನ್ನುತ್ತಾರೆ. ಕೃಷ್ಣಗಿರಿಯ ಸೀಮೆಯಲ್ಲಿ ಬೇಸಗೆ ಬಂತೆಂದರೆ, ಬಾಣಂತಿ ಮಾವಿನಹಣ್ಣು ತಿಂದುದರಿಂದಲೇ ಕೂಸಿಗೆ ಹೀಗಾಯಿತೆಂದು ಆ ಬಡಪಾಯಿಯ ಮೇಲೆ ದೋಷ ಹೊರಿಸುವುದುಂಟು. ಇದಕ್ಕೆ ಆಧಾರವಿಲ್ಲ. ಮೂಲಕಾರಣ ತೇವ. ಬಹಳ ಹೊತ್ತು ಬಟ್ಟೆ ಒಗೆದ ಕೈಬೆರಳು ನೆನೆದು ಬೆಳ್ಳಗೆ ಸುಕ್ಕಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಒದ್ದೆ ಲಂಗೋಟಿಯೊಳಗೆ ಕೂಸಿನ ಚರ್ಮವೂ ಹಾಗೆಯೇ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮಕ್ಕೆ ಬಟ್ಟೆ ಉಜ್ಜಿದರೆ ಸಿಪ್ಪೆ ಏಳುತ್ತದೆ. ಇಷ್ಟರ ಮೇಲೆ ಮಲಮೂತ್ರಗಳು ಬೆರೆತಾಗ ಮೂತ್ರದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಹುಟ್ಟುತ್ತದೆ. ಆರೋಗ್ಯವಾದ ಚರ್ಮದ ಮೇಲೆ ಸಹಜವಾಗಿಯೇ ಸ್ವಲ್ಪ ಹುಳಿಗುಣವಿದ್ದು ಅದು ಚರ್ಮವನ್ನು ಕಾಪಾಡುತ್ತಿರುತ್ತದೆ. ಅಮೋನಿಯಾ ಆ ಗುಣವನ್ನು ಅಳಿಸುತ್ತದೆ. ಆಗ ಮಲದಲ್ಲಿ ಉಳಿದಿರುವ ಜೀರ್ಣರಸಗಳು ಚುರುಕಾಗಿ, ಅನ್ನವನ್ನು ಅರಗಿಸಬೇಕಾದವು ಚರ್ಮವನ್ನೇ ಅರಗಿಸತೊಡಗುತ್ತವೆ. ಒದ್ದೆಯೊಂದನ್ನು ಒಂದು ಗಳಿಗೆ ತಾಳಬಹುದು, ಆದರೆ ಮಲವಾದ ಬಟ್ಟೆಯನ್ನು ಒಂದು ನಿಮಿಷವೂ ಬಿಡಕೂಡದೆಂಬುದಕ್ಕೆ ಇದೇ ಕಾರಣ.

ಎದೆಹಾಲು ಮಾತ್ರ ಕುಡಿಯುವ ಕೂಸುಗಳಲ್ಲಿ ಈ ಬಾಧೆ ಕಡಮೆ. ಆರು ತಿಂಗಳು ತುಂಬಿ ರಾಗಿಸರಿ, ಮೆದು ಅನ್ನ ಆರಂಭವಾದ ಮೇಲೆ ಮಲದ ಗುಣ ಬದಲಾಗುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ದದ್ದು ಹೆಚ್ಚು. ಭೇದಿಯಾದಾಗಲಂತೂ ಒಂದೇ ದಿನದಲ್ಲಿ ಏಳಬಹುದು.

ಇನ್ನು ಪರಿಹಾರ. ಇದು ತೀರ ಸುಲಭ, ದುಡ್ಡಿನ ಖರ್ಚೂ ಅಲ್ಪ, ಬೇಕಾಗುವುದು ಎಚ್ಚರ. ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಲಂಗೋಟಿಯನ್ನು ಬದಲಿಸಬೇಕು. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆಯ ಹಳೆಯ ಪಂಚೆಯ ಬಟ್ಟೆಯಿಂದ ಒತ್ತಿ ಒತ್ತಿ ಒರಸಬೇಕು, ಉಜ್ಜಬಾರದು. ಪ್ರತಿಸಲವೂ ಸೋಪು ಬೇಡ. ನೀರಿಗೆ ಡೆಟಾಲನ್ನು ಬೆರೆಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಸಿಪ್ಪೆಯೆದ್ದ ಚರ್ಮಕ್ಕೆ ಅದು ಉರಿಯ ಮೇಲೆ ಉರಿ. ಒರಸಿದ ಬಳಿಕ ಹತ್ತು ಹದಿನೈದು ನಿಮಿಷ, ದಿನಕ್ಕೆ ಹಲವು ಸಲ, ಕೂಸನ್ನು ಬರಿಮೈಯಲ್ಲಿ ಚಾಪೆಯ ಮೇಲೆ ಬಿಡಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಕೂಸುಗಳು ದಿನದ ಬಹುಭಾಗ ಹೀಗೆಯೇ ಇರುತ್ತಿದ್ದವು. ಈ ಒಂದು ವಿಷಯದಲ್ಲಿ ಅವರ ಬಡತನ ಕೂಸಿಗೆ ವರವಾಗಿತ್ತೆನ್ನಬೇಕು. ಹೊಸೂರು, ತಳಿ, ಡೆಂಕಣಿಕೋಟೆಗಳ ಮಾರ್ಗಶಿರದ ಚಳಿಯಲ್ಲಿ ಮಾತ್ರ ಮೇಲುಭಾಗಕ್ಕೆ ಅಂಗಿ ತೊಡಿಸಿ, ಬಿಸಿಲು ಬಂದ ಹೊತ್ತಿನಲ್ಲಿ ಹೀಗೆ ಮಾಡಿರಿ.

ಚರ್ಮ ಚೆನ್ನಾಗಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಸೇರಿದ ಮುಲಾಮನ್ನಾಗಲಿ, ಬರಿಯ ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ದಪ್ಪವಾಗಿ ಬಳಿಯಬೇಕು. ಇದು ಗೋಡೆಗೆ ಬಳಿದ ಗಾರೆಯಂತೆ ತೇವವನ್ನು ಹೊರಗೆ ತಡೆಯುತ್ತದೆ. ಮುಂದಿನ ಸಲ ತೊಳೆಯುವಾಗ ಅದನ್ನು ಪೂರ್ತಿ ಕೆರೆದು ತೆಗೆಯಬೇಕಾಗಿಲ್ಲ. ಕೊಳೆ ಹೋದರೆ ಸಾಕು, ಉಳಿದುದರ ಮೇಲೆಯೇ ಮತ್ತೆ ಬಳಿಯಬಹುದು. ಶುದ್ಧವಾದ ಕೊಬ್ಬರಿ ಎಣ್ಣೆಯೂ ಅಲ್ಪ ಮಟ್ಟಿಗೆ ಕಾಪಾಡುತ್ತದೆ. ವಿಭೂತಿ, ಒಲೆಯ ಬೂದಿ, ಅರಿಶಿನದ ಪುಡಿಗಳನ್ನು ಸಿಪ್ಪೆಯೆದ್ದ ಜಾಗಕ್ಕೆ ಹಾಕಲೇಬಾರದು.

ಪೌಡರಿನ ಮಾತು ಬಂದರೆ ತಾಯಂದಿರಿಗೆ ನಮ್ಮ ಮೇಲೆ ಕೋಪ ಬರಬಹುದು. ಕೆನ್ನೆಗೆ ದೃಷ್ಟಿಬೊಟ್ಟು, ಮೈತುಂಬ ಪೌಡರು ಇಲ್ಲದಿದ್ದರೆ ಕೂಸಿಗೆ ಸ್ನಾನವಾದಂತೆಯೇ ಅಲ್ಲವೆಂಬ ಭಾವನೆ ನಮ್ಮಲ್ಲಿದೆ. ಆದರೆ ಪೌಡರು ತೊಡೆಸಂದಿಯ ತೇವದಲ್ಲಿ ಕಲಸಿ ಗಟ್ಟಿಯಾಗಿ ಉಜ್ಜುತ್ತದೆ. ಹಾರಿದ ಧೂಳು ಕೂಸಿನ ಶ್ವಾಸಕೋಶವನ್ನು ಸೇರುತ್ತದೆ. 1972ರಲ್ಲಿ ಫ್ರಾನ್ಸ್ ದೇಶದಲ್ಲಿ ಒಂದು ಘೋರ ಪ್ರಸಂಗ ನಡೆಯಿತು. ತಯಾರಿಕೆಯ ತಪ್ಪಿನಿಂದ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕ ವಿಪರೀತವಾಗಿ ಬೆರೆತ ಶಿಶುಪೌಡರಿನಿಂದ 36 ಮಕ್ಕಳು ಮಡಿದರು. ದದ್ದಿನಿಂದ ಬಿರಿದ ಚರ್ಮದ ಮೂಲಕ ವಿಷ ಸುಲಭವಾಗಿ ಒಳಸೇರಿತ್ತು. ಇಂದಿನ ಪೌಡರುಗಳಲ್ಲಿ ಆ ವಿಷವಿದೆಯೆಂದು ನಾವು ಹೇಳುತ್ತಿಲ್ಲ. ಹಚ್ಚಿದುದು ಚರ್ಮದ ಮೇಲೆಯೇ ನಿಲ್ಲುವುದಿಲ್ಲ, ರಕ್ತಕ್ಕೂ ಇಳಿಯುತ್ತದೆ ಎಂಬುದನ್ನು ನೆನಪಿಡಿರಿ ಎನ್ನುತ್ತಿದ್ದೇವೆ.

ಈಗ ಆ ಹುಡುಗಿಯ ಮನೆಯ ಕೊಳವೆಗೆ ಬರೋಣ. ಅದರಲ್ಲಿ ಮೂರು ಔಷಧಗಳು ಒಟ್ಟಿಗಿದ್ದವು. ಮೊದಲನೆಯದು ಕ್ಲೋಬೆಟಸಾಲ್ ಎಂಬ ಅತಿ ತೀಕ್ಷ್ಣವಾದ ಸ್ಟೀರಾಯ್ಡ್. ಪಕ್ಕದ ಮನೆಯವರು ಹೇಳಿದರೆಂದು ಔಷಧದ ಅಂಗಡಿಯಿಂದ, ವೈದ್ಯರ ಚೀಟಿಯಿಲ್ಲದೆ, ತಂದಿದ್ದರು. ಸ್ಟೀರಾಯ್ಡ್ ಮೊದಲು ಕೆಂಪನ್ನು ಅಡಗಿಸುತ್ತದೆ. ಆದುದರಿಂದಲೇ ಜನ ಅದಕ್ಕೆ ಮರುಳಾಗುವುದು. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಹರಿಯುತ್ತದೆ, ಬೂಷ್ಟು ಹಬ್ಬುತ್ತದೆ. ಲಂಗೋಟಿ ಬಿಗಿಯಾಗಿ ಮುಚ್ಚಿರುವೆಡೆಯಲ್ಲಿ ಔಷಧ ಇನ್ನೂ ಹೆಚ್ಚಾಗಿ ಒಳಗಿಳಿದು ಕೂಸಿನ ಮುಖ ಊದಿ, ಬೆಳವಣಿಗೆ ಕುಂದಿದ ಪ್ರಸಂಗಗಳೂ ವೈದ್ಯರಿಗೆ ಗೊತ್ತಿವೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದೆ. ವಿಧಿ ಕಾಗದದಲ್ಲಿದೆ, ಅಂಗಡಿಯ ಕಟ್ಟೆಯ ಮೇಲೆ ಏನಿದೆಯೆಂಬುದು ನಿಮಗೂ ತಿಳಿದುದೇ.

ಕೊಳವೆಯ ಮೇಲಿನ ಬರಹವೆಲ್ಲ ಸಾಸಿವೆ ಕಾಳಿನಂತಹ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಆ ತಾಯಿ ಕನ್ನಡವನ್ನು ಓದಬಲ್ಲರು, ತಮಿಳನ್ನು ಮಾತನಾಡಬಲ್ಲರು, ಸಂತೆಯಲ್ಲಿ ತೆಲುಗಿನಲ್ಲಿಯೂ ವ್ಯಾಪಾರ ಮಾಡಬಲ್ಲರು. ಮೂರು ಭಾಷೆ ಬಲ್ಲವರಿಗೆ ತಮ್ಮ ಕೂಸಿಗೆ ಹಚ್ಚುತ್ತಿರುವುದು ಏನೆಂದು ತಿಳಿಯುವಂತಿರಲಿಲ್ಲ. ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಕೆಲಸವಿದೆ. ಮನೆಗೆ ಬಂದ ಮುಲಾಮಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ಎಂದು ಕೂಡಿಸಿ ಓದಿ ಅಮ್ಮನಿಗೆ ಹೇಳಿರಿ. ನಿಮ್ಮ ಇಂಗ್ಲಿಷ್ ಪಾಠದಿಂದ ಇದಕ್ಕಿಂತ ಒಳ್ಳೆಯ ಪ್ರಯೋಜನ ಸದ್ಯಕ್ಕೆ ನಮಗೆ ತೋರದು.

ಹಾಗಾದರೆ ಬೂಷ್ಟಿನ ದದ್ದನ್ನು ಗುರುತಿಸುವುದು ಹೇಗೆ? ಸಾಮಾನ್ಯ ದದ್ದು ಬಟ್ಟೆ ತಾಗುವ ಉಬ್ಬುಭಾಗಗಳಲ್ಲಿರುತ್ತದೆ. ಸಂದಿನ ಮಡಿಕೆಯ ಒಳಭಾಗ ಬಹುಮಟ್ಟಿಗೆ ಚೆನ್ನಾಗಿರುತ್ತದೆ. ಕ್ಯಾಂಡಿಡಾ ಎಂಬ ಬೂಷ್ಟು ತಗಲಿದರೆ ಮಡಿಕೆಯೊಳಗೂ ದಟ್ಟ ಕೆಂಪಾಗಿ, ಅಂಚಿನ ಹೊರಗೆ ಚುಕ್ಕಿ ಚುಕ್ಕಿಯಾಗಿ ಸಣ್ಣ ಕೆಂಪು ಗುಳ್ಳೆಗಳು ಚೆಲ್ಲಿರುತ್ತವೆ. ಆಂಟಿಬಯಾಟಿಕ್ ಔಷಧ ಕುಡಿದ ಕೂಸುಗಳಿಗೆ ಇದು ಬೇಗ ಬರುತ್ತದೆ. ಇದಕ್ಕೆ ಕ್ಲೋಟ್ರಿಮಜೋಲ್‌ನಂತಹ ಮುಲಾಮನ್ನು ವೈದ್ಯರು ಕೊಡುತ್ತಾರೆ. ಮೂರು ದಿನ ಶುಶ್ರೂಷೆ ಮಾಡಿಯೂ ತಗ್ಗದಿದ್ದರೆ, ಜ್ವರ, ಕೀವು, ನೀರುಗುಳ್ಳೆ, ರಕ್ತ ಕಂಡರೆ, ಬಾಯಿಯ ಸುತ್ತಲೂ ಅಂತಹುದೇ ದದ್ದೆದ್ದರೆ, ಅಥವಾ ತಿಂಗಳು ತುಂಬದ ಕೂಸಾಗಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ತಮಿಳು ಸರಿಯಾಗಿ ಬಾರದೆಂದು ಹಿಂಜರಿಯುವ ತಾಯಂದಿರಿದ್ದಾರೆ. ಕೂಸಿನ ಲಂಗೋಟಿಯನ್ನು ಬಿಚ್ಚಿ ತೋರಿಸಲು ಯಾವ ಭಾಷೆಯೂ ಬೇಕಾಗದು. ಹಳ್ಳಿಗೆ ಬರುವ ಆರೋಗ್ಯ ದಾದಿಯನ್ನಾದರೂ ಕೇಳಿರಿ.

ಬಟ್ಟೆಯ ವಿಷಯ ಒಂದೆರಡು ಮಾತು. ನಮ್ಮ ಕೊಳವೆಬಾವಿಗಳ ನೀರು ಬಹುಪಾಲು ಗಡಸು. ಸೋಪು ಸರಿಯಾಗಿ ಬಿಡದೆ ನೂಲಿನಲ್ಲಿ ಉಳಿದು ಲಂಗೋಟಿ ಹಪ್ಪಳದಂತೆ ಬಿರುಸಾಗುತ್ತದೆ. ಮೂರು ಸಲ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಬೇಕು. ದಕ್ಷಿಣ ಪಿನಾಕಿನಿಯು ಕೆಲವರಪಳ್ಳಿ ಅಣೆಕಟ್ಟಿನ ಬಳಿ ಬೆಳ್ಳನೆಯ ನೊರೆಯನ್ನು ಬೆಟ್ಟದಂತೆ ಒಟ್ಟುವುದನ್ನು ಕಂಡವರು ಆ ನೀರಿನಲ್ಲಿ ಕೂಸಿನ ಬಟ್ಟೆಯನ್ನು ಒಗೆಯಲಾರರು. ಮಳೆಗಾಲದಲ್ಲಿ ಸಾಂಬ್ರಾಣಿ ಹೊಗೆಯ ಮೇಲೆ ಒಣಗಿಸುವುದಾದರೆ ಕೂಸು ಆ ಕೋಣೆಯಲ್ಲಿರಬಾರದು. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ತೊಡಿಸುವುದು ಹಾಸಿಗೆಗೆ ಒಳ್ಳೆಯದು, ಕೂಸಿಗಲ್ಲ.

ಅಂಗಡಿಯ ಡಯಾಪರನ್ನು ನಾವು ದೂಷಿಸುವುದಿಲ್ಲ. ಅಮೆರಿಕದಲ್ಲಿ 1961ರಲ್ಲಿ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂತು. 1980ರ ದಶಕದಲ್ಲಿ ನೀರನ್ನು ಹೀರಿ ಲೋಳೆಯಂತೆ ಹಿಡಿದಿಡುವ ಹರಳುಗಳನ್ನು ಡಯಾಪರುಗಳಿಗೆ ಸೇರಿಸಿದ ಮೇಲೆ ಚರ್ಮ ಒದ್ದೆಯಾಗುವುದು ನಿಜಕ್ಕೂ ಕಡಮೆಯಾಯಿತು. ಕೇಡು ಬರುವುದು ಅದರ ಬೆಲೆಯಿಂದ. ದುಡ್ಡು ಕೊಟ್ಟುದೆಂದು ಬೆಳಗಿನಿಂದ ಸಂಜೆಯವರೆಗೆ ಒಂದನ್ನೇ ಬಿಡುತ್ತೇವೆ. ಅಷ್ಟು ಶಕ್ತಿಯಿಲ್ಲದವರು ರಾತ್ರಿಗೂ ಪ್ರಯಾಣಕ್ಕೂ ಅದನ್ನಿಟ್ಟುಕೊಂಡು ಹಗಲಿನಲ್ಲಿ ಬಟ್ಟೆ ಕಟ್ಟುವುದೇ ಲೇಸು. ಬಳಸಿದುದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸದವರಿಗೆ ಕೊಡಿರಿ, ಕೆರೆಗೆ ಎಸೆಯಬೇಡಿರಿ.

ತಂದೆಗಳಿಗೊಂದು ಮಾತು. ಇಷ್ಟು ಹೊತ್ತು ನೀವು ಇದು ಹೆಂಗಸರ ವಿಷಯವೆಂದು ಕೈಕಟ್ಟಿ ಕುಳಿತಿರಿ. ರಾತ್ರಿಪಾಳಿಯಿಂದ ಬಂದು ಮಲಗುವ ಮುನ್ನ ಒಂದು ಸಲ, ಎದ್ದ ಮೇಲೆ ಒಂದು ಸಲ ನೀವು ಲಂಗೋಟಿ ಬದಲಿಸಿದರೆ ಹತ್ತು ವರ್ಷದ ಹುಡುಗಿ ಶಾಲೆ ಬಿಡಬೇಕಾಗುವುದಿಲ್ಲ.

ಆ ಮನೆಯವರು ಮರುದಿನವೇ ಕೂಸನ್ನು ಸರ್ಕಾರಿ ಆಸ್ಪತ್ರೆಗೆ ಒಯ್ದರು. ವೈದ್ಯರು ಆ ಮುಲಾಮನ್ನು ನಿಲ್ಲಿಸಿ, ಬೂಷ್ಟಿಗೆ ಬೇರೆ ಔಷಧ ಕೊಟ್ಟು, ಜಿಂಕ್ ಮುಲಾಮನ್ನು ಹೇಳಿದರು. ಮೊದಲ ಕೆಲವು ದಿನ ಕೆಂಪು ಹೆಚ್ಚಿತು. ಹೀಗಾಗುವುದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ತಾಯಿ ಧೈರ್ಯಗೆಡಲಿಲ್ಲ. ಎರಡು ವಾರಗಳಲ್ಲಿ ಚರ್ಮ ಕೂಡಿಕೊಂಡಿತು. ಹುಡುಗಿ ಅದಕ್ಕೂ ಮೊದಲೇ ಶಾಲೆಗೆ ಬಂದಳು. ಮಧ್ಯಾಹ್ನದ ಪಾಳಿ ಈಗ ತಂದೆಯದಂತೆ. ಭಾಗಾಕಾರದಲ್ಲಿ ಅವಳು ತಪ್ಪಿಸಿಕೊಂಡ ಒಂಬತ್ತು ದಿನದ ಪಾಠವನ್ನು ನಾವು ಸಂಜೆ ಕೂರಿಸಿ ಹೇಳಿಕೊಡುತ್ತಿದ್ದೇವೆ.