ಹುಟ್ಟುಹಬ್ಬ ಯಾರದು?

(ಆಕಾಶವಾಣಿ ಭಾಷಣ)

ನನ್ನ ಮೊಮ್ಮಗಳಿಗೆ ಬರುವ ತಿಂಗಳು ಆರು ವರ್ಷ ತುಂಬುತ್ತದೆ. ಅದರ ಏರ್ಪಾಡಿಗೆಂದು ಹೋದ ಭಾನುವಾರ ನಮ್ಮ ನಡುಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರಿತ್ತು. ಮಗ ಕಾಗದ ಹಿಡಿದು ಕರೆಯಬೇಕಾದವರ ಪಟ್ಟಿ ಬರೆಯುತ್ತಿದ್ದ. ಸೊಸೆ ಮರೆತುಹೋದ ಹೆಸರುಗಳನ್ನು ನೆನಪುಮಾಡಿಕೊಡುತ್ತಿದ್ದಳು. ಪಟ್ಟಿ ಎರಡನೆಯ ಪುಟಕ್ಕೆ ಹರಿದಾಗ ನಾನು ಅದನ್ನು ಕೈಗೆ ತೆಗೆದುಕೊಂಡು ಎಣಿಸಿ ನೋಡಿದೆ. ಒಟ್ಟು 84 ಹೆಸರು. ಕಚೇರಿಯವರು, ನೆರೆಹೊರೆಯವರು, ಹೋದ ವರ್ಷ ನಮ್ಮನ್ನು ಕರೆದಿದ್ದವರು, ಮುಂದಿನ ವರ್ಷ ಕರೆಯಲಿರುವವರು ಎಲ್ಲರೂ ಇದ್ದರು. ಮಕ್ಕಳು ಮಾತ್ರ 11. ಆ ಹನ್ನೊಂದರಲ್ಲಿಯೂ ನಾಲ್ವರನ್ನು ನಮ್ಮ ಹುಡುಗಿ ಕಂಡೇ ಇರಲಿಲ್ಲ. ಅಷ್ಟು ಹೊತ್ತೂ ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅವಳು ನನ್ನ ಹತ್ತಿರ ಬಂದು, “ತಾತ, ನಾನು ಕರೆಯೋರನ್ನ ಯಾವ ಕಾಗದದಲ್ಲಿ ಬರೀತಾರೆ?” ಎಂದು ಕೇಳಿದಳು.

ಕೇಳುಗರೆ, ಆ ಪ್ರಶ್ನೆಗೆ ನಾವಾರೂ ಉತ್ತರ ಕೊಡಲಿಲ್ಲ, ನಕ್ಕು ಸುಮ್ಮನಾದೆವು. ಆದರೆ ಮಾತು ನನ್ನನ್ನು ಬಿಡಲಿಲ್ಲ. ಹುಟ್ಟುಹಬ್ಬದ ಏರ್ಪಾಡೆಂದರೆ ಸ್ಥಳ, ಊಟ, ಅಲಂಕಾರ, ಹಣ ಇವುಗಳ ಲೆಕ್ಕವೆಂದು ನಾವು ತಿಳಿದಿದ್ದೇವೆ. ಈ ಲೆಕ್ಕಗಳಿಗೆ ಕೈಹಾಕುವ ಮೊದಲು, ಹಬ್ಬ ಯಾರದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕಲ್ಲವೆ?

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ‘ಹುಟ್ಟುಹಬ್ಬ’ ಎಂಬ ಮಾತೇ ಬಳಕೆಯಲ್ಲಿರಲಿಲ್ಲ. ‘ವರ್ಧಂತಿ’ ಎನ್ನುತ್ತಿದ್ದರು. ಅದೂ ಎಲ್ಲ ಮನೆಗಳಲ್ಲಿ ಇತ್ತೆಂದಲ್ಲ. ಎಷ್ಟೋ ಮನೆಗಳಲ್ಲಿ ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ದಿನದ ಸಡಗರ ಮುಗಿದರೆ, ಮದುವೆಯಾಗುವ ತನಕ ಆ ಮಗುವಿನ ಹೆಸರಿನಲ್ಲಿ ಇನ್ನೊಂದು ಹಬ್ಬ ನಡೆಯುತ್ತಿರಲಿಲ್ಲ. ನಮ್ಮಲ್ಲಿ ಆ ದಿನ ಬೆಳಗ್ಗೆ ಎಣ್ಣೆನೀರು. ಅನುಕೂಲವಿದ್ದ ವರ್ಷ ಹೊಸ ಅಂಗಿ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಜನ ಚಿರಂಜೀವಿಗಳ ಸ್ಮರಣೆ, ಅವರೊಡನೆ ಮಾರ್ಕಂಡೇಯನ ಪೂಜೆ. ಅನಂತರ ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಬೊಗಸೆಯಲ್ಲಿ ಹಾಕಿ ಕುಡಿಸುತ್ತಿದ್ದರು. ಹದಿನಾರನೆಯ ವಯಸ್ಸಿಗೆ ಸಾಯಬೇಕಾಗಿದ್ದು ಬದುಕಿ ಉಳಿದ ಹುಡುಗ ಮಾರ್ಕಂಡೇಯ. ಅವನನ್ನು ನೆನೆದು ಹಾಲು ಕುಡಿಸುವ ಆ ಪದ್ಧತಿಯಲ್ಲಿ, ಮಕ್ಕಳು ಉಳಿದರೆ ಸಾಕೆನ್ನುತ್ತಿದ್ದ ಕಾಲದ ದಿಗಿಲು ಇದ್ದಿರಬೇಕೆಂದು ನನಗೆ ಈಗ ತೋರುತ್ತದೆ. ಆಗ ನನಗೆ ಕಾಣುತ್ತಿದ್ದುದು ಬೆಲ್ಲವೊಂದೇ.

ಇನ್ನು ಯಾವ ದಿನ ಎಂಬ ಪ್ರಶ್ನೆ. ತಾಯಿಗೆ ನೆನಪಿರುವುದು ತಿಥಿ. ಸರ್ಕಾರಕ್ಕೆ ಬೇಕಾದದ್ದು ತಾರೀಖು. ಚಾಂದ್ರಮಾನದ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದುದರಿಂದ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ನಡುನಡುವೆ ಅಧಿಕಮಾಸ ಬಂದು ಅಂತರವನ್ನು ಸರಿದೂಗಿಸುತ್ತದೆ. ಹತ್ತೊಂಬತ್ತು ವರ್ಷಕ್ಕೊಮ್ಮೆ, ಅಂದರೆ 19, 38, 57ನೆಯ ವರ್ಷಗಳು ತುಂಬುವಾಗ, ತಾರೀಖೂ ತಿಥಿಯೂ ಹೆಚ್ಚುಕಡಿಮೆ ಒಂದೇ ದಿನ ಬಂದು ಕೂಡುತ್ತವೆ. ಪಂಚಾಂಗದ ಈ ಚಮತ್ಕಾರವನ್ನು ಗಮನಿಸಿ ಆ ವರ್ಷಗಳಲ್ಲಿ ವಿಶೇಷವಾಗಿ ಹಬ್ಬ ಮಾಡಿಕೊಂಡವರನ್ನು ನಾನು ಕಂಡಿಲ್ಲ. ಮಾಡಬಹುದಾಗಿತ್ತು.

ನನ್ನ ತಲೆಮಾರಿನ ಹಳ್ಳಿಯ ಮಕ್ಕಳಿಗೆ ಮೂರನೆಯ ಜನ್ಮದಿನವೂ ಒಂದಿದೆ. ಅದು ಶಾಲೆಯ ಹೆಡ್ ಮಾಸ್ತರರು ದಯಪಾಲಿಸಿದ್ದು. ಮಗುವನ್ನು ಸೇರಿಸಲು ಬಂದ ತಂದೆಗೆ ತಾರೀಖು ತಿಳಿಯದು. ಮಾಸ್ತರರಿಗೆ ಅರ್ಜಿ ತುಂಬಿಸದೆ ವಿಧಿಯಿಲ್ಲ. ‘ಜೂನ್ 1’ ಎಂದು ಬರೆದುಬಿಡುತ್ತಿದ್ದರು. ಒಂದೊಂದು ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಒಂದೇ ದಿನ ಹುಟ್ಟಿದವರು! ಆ ಮಕ್ಕಳು ದೊಡ್ಡವರಾಗಿ ಸರ್ಕಾರಿ ನೌಕರಿ ಸೇರಿದರು. ಆದುದರಿಂದಲೇ ನಮ್ಮ ರಾಜ್ಯದಲ್ಲಿ ಮೇ 31 ಎಂದರೆ ನಿವೃತ್ತರಾಗುವವರ ಜಾತ್ರೆ. ಜೂನ್ ತಿಂಗಳಲ್ಲಿ ನಿಜವಾಗಿ ಹುಟ್ಟಿದವರೂ ಇಲ್ಲದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು 1891ರ ಜೂನ್ 6ರಂದು. ತೊಂಬತ್ತೈದು ವರ್ಷ ತುಂಬಿದ ದಿನವೇ, 1986ರ ಜೂನ್ 6ರಂದು, ಅವರು ತೀರಿಕೊಂಡರು. ನಾನಂತೂ ಶ್ರಾವಣದಲ್ಲಿ ಹುಟ್ಟಿ ಜೂನ್ ಒಂದಕ್ಕೆ ವರ್ಗವಾದವನು.

ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮೇಷ್ಟ್ರಾಗಿದ್ದೆ. ಪಟ್ಟಣದ ಶಾಲೆಗೆ ಬಂದ ಹೊಸತರಲ್ಲಿ ಅಲ್ಲಿ ಒಂದು ಪದ್ಧತಿಯನ್ನು ಕಂಡೆ. ಹುಟ್ಟಿದ ದಿನ ಮಗು ಸಮವಸ್ತ್ರ ಬಿಟ್ಟು ಬಣ್ಣದ ಬಟ್ಟೆ ತೊಟ್ಟು ಬರಬಹುದು; ತರಗತಿಗೆಲ್ಲ ಮಿಠಾಯಿ ಹಂಚಬಹುದು. ನೋಡಲು ಚೆಲುವಾದ ಪದ್ಧತಿಯೇ. ಒಮ್ಮೆ ಹಾಜರಿ ತೆಗೆಯುತ್ತಿದ್ದಾಗ ಒಬ್ಬ ಹುಡುಗನಿಗೆ ಎಲ್ಲರೆದುರು, “ಏನಯ್ಯಾ, ನಿನ್ನೆ ನಿನ್ನ ಹುಟ್ಟುಹಬ್ಬವಲ್ಲವೆ? ಶಾಲೆಗೆ ಚಕ್ಕರ್ ಹೊಡೆದು ಪಾಯಸ ಉಂಡೆಯೋ?” ಎಂದೆ. ಹುಡುಗರು ನಕ್ಕರು. ಅವನು, “ಜ್ವರ ಬಂದಿತ್ತು ಸಾರ್” ಎಂದ. ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದಾಗ ಆ ವರ್ಷವೂ ಅದೇ ತಾರೀಖಿಗೆ ಅವನು ಬಂದಿರಲಿಲ್ಲ. ಅವನ ತಾಯಿ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಸಂಸಾರ ನಡೆಸುತ್ತಿದ್ದವರು. ಐವತ್ತು ಮಿಠಾಯಿಗೂ ಒಂದು ಬಣ್ಣದ ಅಂಗಿಗೂ ಹೆದರಿ, ಒಂದು ಮಗು ತಾನು ಹುಟ್ಟಿದ ದಿನ ಮನೆಯಲ್ಲಿ ಅಡಗಿ ಕುಳಿತಿತ್ತು. ನನ್ನ ಹಾಸ್ಯವನ್ನು ನೆನೆದರೆ ಇಂದಿಗೂ ಮುಖ ತಗ್ಗುತ್ತದೆ. ಮುಂದಿನ ವರ್ಷದಿಂದ ನನ್ನ ತರಗತಿಯಲ್ಲಿ ಮಿಠಾಯಿ ನಿಲ್ಲಿಸಿದೆ. ಹುಟ್ಟುಹಬ್ಬದ ಮಗುವಿಗೆ ಆ ದಿನ ಸಂಜೆ ಶಾಲೆ ಬಿಡುವ ಗಂಟೆ ಹೊಡೆಯುವ ಅಧಿಕಾರ ಕೊಡಿಸಿದೆ. ಜವಾನರು ಮೊದಮೊದಲು ಗೊಣಗಿದರು. ಮಕ್ಕಳು ಮಾತ್ರ ಆ ಗಂಟೆಗಾಗಿ ವರ್ಷವಿಡೀ ಕಾಯುತ್ತಿದ್ದರು. ಆ ಹುಡುಗನೂ ಬಂದ. ನಿಲ್ಲಿಸು ಎನ್ನುವವರೆಗೂ ಹೊಡೆದ.

ಮೇಣದ ಬತ್ತಿಯನ್ನು ಊದಿ ಆರಿಸುವ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ವಾಗ್ವಾದವನ್ನು ತಾವೂ ಕೇಳಿರಬಹುದು. ದೀಪ ಆರಿಸು ಎಂದು ಬಾಯಲ್ಲಿ ಆಡಲೂ ಹಿಂಜರಿದು ‘ಶಾಂತ ಮಾಡು’ ಎನ್ನುವ ಹಿರಿಯರಿಗೆ, ಶುಭದಿನದಂದು ಬೆಳಕನ್ನು ಉಫ್ ಎನ್ನುವುದು ಸರಿಬೀಳದು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಊದುವುದರಲ್ಲಿ ಮಗುವಿಗಿರುವ ಸಂತೋಷವನ್ನೂ ನೋಡಿದ್ದೇನೆ. ಮೊದಲು ಆರತಿ ಬೆಳಗಲಿ, ಆಮೇಲೆ ಊದಲಿ. ಇದಕ್ಕಾಗಿ ಅತ್ತೆ ಸೊಸೆಯರು ಮಾತು ಬಿಡಬೇಕಾಗಿಲ್ಲ. ಆಗ ಎಲ್ಲರೂ ಕೂಡಿ ಹಾಡುವ ಇಂಗ್ಲಿಷ್ ಹಾಡಿನ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಕೆಂಟಕಿ ರಾಜ್ಯದ ಪ್ಯಾಟಿ ಹಿಲ್ ಮತ್ತು ಮಿಲ್ಡ್ರೆಡ್ ಹಿಲ್ ಎಂಬ ಸೋದರಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ವಂದನೆ ಹೇಳಿಕೊಡಲೆಂದು ಒಂದು ಹಾಡು ಕಟ್ಟಿದರು. 1893ರಲ್ಲಿ ಅದು ಅಚ್ಚಾಯಿತು. ಆ ಮಟ್ಟಿಗೇ ಹುಟ್ಟುಹಬ್ಬದ ಮಾತುಗಳು ಬಂದು ಸೇರಿದುವು. ಅದರ ಹಕ್ಕು ನಮ್ಮದೆಂದು ಒಂದು ಸಂಸ್ಥೆ ಬಹುಕಾಲ ಹಣ ವಸೂಲು ಮಾಡುತ್ತಿತ್ತು. ಆ ಹಕ್ಕು ಸಲ್ಲದೆಂದು ಅಲ್ಲಿಯ ನ್ಯಾಯಾಲಯ ತೀರ್ಪು ಕೊಟ್ಟದ್ದು 2015ರಲ್ಲಿ. ಮಕ್ಕಳಿಗಾಗಿ ಮೇಡಮ್ಮನವರು ಕಟ್ಟಿದ ಹಾಡಿಗೂ ದೊಡ್ಡವರ ವ್ಯಾಜ್ಯ ತಪ್ಪಲಿಲ್ಲ.

ಮಕ್ಕಳ ಹುಟ್ಟುಹಬ್ಬಕ್ಕೆ ಏರ್ಪಾಡು ಮಾಡುವವರಿಗೆ, ಮೇಷ್ಟ್ರಾಗಿ ಕಂಡುಕೊಂಡ ಕೆಲವು ಮಾತುಗಳನ್ನು ಹೇಳಬಹುದೆಂದು ತೋರುತ್ತದೆ. ಕೂಸಿನ ಮೊದಲ ಹುಟ್ಟುಹಬ್ಬ ಕೂಸಿಗೆ ಸಂಬಂಧಿಸಿದ್ದಲ್ಲ. ಒಂದು ವರ್ಷ ನಿದ್ದೆಗೆಟ್ಟ ತಾಯಿಯ ಹಬ್ಬ ಅದು. ಹಾಗೆಂದು ಒಪ್ಪಿಕೊಂಡು ಅವಳಿಗೆ ಬೇಕಾದವರನ್ನು ಕರೆದರೆ ಚೆನ್ನು. ನಾಲ್ಕೈದು ವರ್ಷದ ಮಗುವಿಗೆ ನಾಲ್ಕೈದು ಜನ ಗೆಳೆಯರು ಸಾಕು. ಅದಕ್ಕಿಂತ ಹೆಚ್ಚಿನವರನ್ನು ಒಟ್ಟಿಗೆ ಸಂಭಾಳಿಸುವುದು ಆ ವಯಸ್ಸಿಗೆ ಕಷ್ಟ. ಹೊತ್ತು ಸಂಜೆ ನಾಲ್ಕರಿಂದ ಆರರವರೆಗೆ ಇರಲಿ. ರಾತ್ರಿ ಎಂಟೂವರೆಗೆ, ಮುಖ್ಯ ಅತಿಥಿಗಳು ಬಂದ ಮೇಲೆ ಕೇಕು ಎಂದು ಇಟ್ಟುಕೊಂಡ ಒಂದು ಸಮಾರಂಭದಲ್ಲಿ ಹುಟ್ಟುಹಬ್ಬದ ಮಗು ನಿದ್ದೆಹೋಗಿ, ಅದರ ಕೈಯನ್ನು ಹಿಡಿದು ತಂದೆಯೇ ಚಾಕು ಆಡಿಸಿದ್ದನ್ನು ನೋಡಿದ್ದೇನೆ. ಕಿವಿ ಕಿತ್ತುಹೋಗುವ ಧ್ವನಿವರ್ಧಕ ಬೇಡ. ಒಡೆದ ಬಲೂನಿನ ಚೂರುಗಳನ್ನು ಕೂಡಲೇ ಹೆಕ್ಕಿಬಿಡಬೇಕು. ಎಳೆಯ ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಕುರ್ಚಿಯಾಟ ಎಲ್ಲರಿಗೂ ಗೊತ್ತು. ಅದರಲ್ಲಿ ಮೊದಲು ಸೋತ ಮಗು ಉಳಿದ ಅರ್ಧ ಗಂಟೆ ಗೋಡೆಗೊರಗಿ ನಿಂತಿರಬೇಕು. ಸಾಮಾನ್ಯವಾಗಿ ಅದು ಎಲ್ಲರಿಗಿಂತ ಚಿಕ್ಕದಾದ ಮಗುವೇ ಆಗಿರುತ್ತದೆ. ನಾವು ಶಾಲೆಯಲ್ಲಿ ಕುರ್ಚಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆವು, ಮಕ್ಕಳನ್ನಲ್ಲ. ಕೊನೆಗೆ ಉಳಿದ ಒಂದು ಕುರ್ಚಿಯ ಮೇಲೆ ಹತ್ತು ಮಕ್ಕಳು ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಲ್ಲಲು ಹೆಣಗುವುದು ನೋಡುವಂತಿರುತ್ತಿತ್ತು. ಕುರ್ಚಿ ಗಟ್ಟಿಯಾಗಿರಬೇಕು, ಅಷ್ಟೆ.

ದೊಡ್ಡವರ ಹುಟ್ಟುಹಬ್ಬದ ಕಷ್ಟ ಬೇರೆ ಬಗೆಯದು. ಮಗುವಿಗೆ ಬೇಕಾದುದನ್ನು ಕೇಳಿದರೆ ಬಾಯಿಬಿಟ್ಟು ಹೇಳುತ್ತದೆ. ಹಿರಿಯರು, “ನನಗೇತಕ್ಕಪ್ಪಾ ಇದೆಲ್ಲ” ಎನ್ನುತ್ತಾರೆ. ಆ ಮಾತಿನಲ್ಲಿ ಸಂಕೋಚವೆಷ್ಟು, ನಿಜವೆಷ್ಟು ಎಂದು ತಿಳಿಯುವುದು ಸುಲಭವಲ್ಲ. ಅರುವತ್ತಕ್ಕೆ ಷಷ್ಟ್ಯಬ್ದಿ, ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರದರ್ಶನ ಎಂದು ನಮ್ಮವರು ಗೊತ್ತುಮಾಡಿದ್ದಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನದ ಲೆಕ್ಕದಲ್ಲಿ ಸಾವಿರ ಹುಣ್ಣಿಮೆಗೆ ಎಂಬತ್ತು ವರ್ಷವೂ ಮೇಲೆ ಹತ್ತು ತಿಂಗಳೂ ಬೇಕಾಗುತ್ತವೆ. ವಯಸ್ಸನ್ನು ಹುಣ್ಣಿಮೆಗಳಲ್ಲಿ ಎಣಿಸಿದವನ ರಸಿಕತೆಗೆ ನಾನು ತಲೆಬಾಗುತ್ತೇನೆ. ಸಾಹಿತಿಗಳಿಗೆ ಅವರ ಗೆಳೆಯರೂ ಶಿಷ್ಯರೂ ಕೂಡಿ ಗ್ರಂಥ ರಚಿಸಿ ಒಪ್ಪಿಸುವ ರೂಢಿಯೂ ನಮ್ಮಲ್ಲಿದೆ. ಬಿ.ಎಂ.ಶ್ರೀ.ಯವರಿಗೆ ಸಂದ ‘ಸಂಭಾವನೆ’ಯನ್ನು ಇಂದಿಗೂ ತೆರೆದು ಓದಬಹುದು. ಹಾರ ತುರಾಯಿಗಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ನಾನು ಹುಟ್ಟಿದ್ದು ಶಾರ್ವರಿ ಸಂವತ್ಸರದಲ್ಲಿ, 1960ರಲ್ಲಿ. ಅರುವತ್ತು ಸಂವತ್ಸರಗಳ ಚಕ್ರ ತಿರುಗಿ ಶಾರ್ವರಿ ಮತ್ತೆ ಬಂದದ್ದು 2020ರ ಮಾರ್ಚ್ 25ರ ಯುಗಾದಿಯಂದು. ತಮಗೆ ನೆನಪಿರಬಹುದು, ಕೊರೋನಾ ಜಾಡ್ಯದ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡದ್ದು ಅದೇ ದಿನ. ಮೇ 31ರಂದು ನಾನು ಬೀಳ್ಕೊಡುಗೆಯಿಲ್ಲದೆ ನಿವೃತ್ತನಾದೆ. ಶ್ರಾವಣದಲ್ಲಿ ನನ್ನ ಷಷ್ಟ್ಯಬ್ದಿಗೆಂದು ಮಕ್ಕಳು ಹಿಂದಿನ ವರ್ಷವೇ ಛತ್ರಕ್ಕೆ ಮುಂಗಡ ಕೊಟ್ಟಿದ್ದರು. ನಾಲ್ಕು ನೂರು ಜನಕ್ಕೆ ಅಡಿಗೆಯವರನ್ನು ಗೊತ್ತುಮಾಡಿದ್ದರು. ಕಡೆಗೆ ನಡೆದದ್ದು ಮನೆಯಲ್ಲಿ, ಐದು ಜನರ ಮುಂದೆ. ಪುರೋಹಿತರು ದೂರವಾಣಿಯಲ್ಲಿ ಮಂತ್ರ ಹೇಳಿದರು. ನಡುವೆ ಎರಡು ಸಲ ಕಡಿದುಹೋಯಿತು.

ಊಟವಾದ ಮೇಲೆ ಮಾಡಲು ಕೆಲಸವಿರಲಿಲ್ಲ. ಕಳುಹಿಸಿಕೊಡಬೇಕಾದ ನೆಂಟರಿಲ್ಲ, ತಾಂಬೂಲದ ಚೀಲಗಳಿಲ್ಲ. ಹೊರಗೆ ಮಳೆ. ಎಂಬತ್ತರ ಹತ್ತಿರದ ನನ್ನ ತಾಯಿ ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು, “ಆವತ್ತೂ ಹೀಗೇ ಹೊಯ್ತಿತ್ತು” ಎಂದರು. ನಾನು ಹುಟ್ಟಿದ ರಾತ್ರಿಯ ಕಥೆಯನ್ನು ಮೊದಲ ಬಾರಿಗೆ ಕೇಳಿದ್ದು ಆಗ. ಮಲೆನಾಡಿನ ನಮ್ಮ ಹಳ್ಳಿ. ಹಳ್ಳ ಉಕ್ಕಿ ಹರಿಯುತ್ತಿದೆ. ಸೂಲಗಿತ್ತಿಯ ಮನೆ ಆಚೆಯ ದಡದಲ್ಲಿ. ಆಕೆ ಕಂದೀಲು ಹಿಡಿದು, ಜಾರುವ ಕಾಲುಸಂಕದ ಮೇಲೆ ಒಬ್ಬಳೇ ದಾಟಿ ಬಂದಳಂತೆ. ನಾನು ಕರುಳುಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು ಹುಟ್ಟಿದೆನಂತೆ, ಅಳಲಿಲ್ಲವಂತೆ. ಮನೆಯವರೆಲ್ಲ ಕೈಬಿಟ್ಟ ಮೇಲೂ ಆಕೆ ಬೆನ್ನು ತಟ್ಟಿ, ಬಾಯಿಗೆ ಬಾಯಿಟ್ಟು ಊದಿ ಅಳಿಸಿದಳಂತೆ.

ಈ ಮಾತು ಕೇಳುತ್ತಿದ್ದಂತೆ ನನಗೆ ಒಂದು ಹಳೆಯ ಸಿಟ್ಟು ನೆನಪಾಯಿತು. ಬಾಲ್ಯದಲ್ಲಿ ನನ್ನ ವರ್ಧಂತಿಯ ದಿನ ಪಾಯಸವಾದೊಡನೆ ಅಮ್ಮ ಮೊದಲು ಒಂದು ತಂಬಿಗೆ ತುಂಬಿ, ಹಳ್ಳದಾಚೆಯ ಮುದುಕಿಗೆ ಕೊಟ್ಟುಬಾ ಎಂದು ನನ್ನನ್ನೇ ಅಟ್ಟುತ್ತಿದ್ದರು. ನನ್ನ ಹಬ್ಬದಲ್ಲಿ ನನಗಿಂತ ಮೊದಲು ಆ ಮುದುಕಿಗೇಕೆ ಎಂದು ದಾರಿಯುದ್ದಕ್ಕೂ ಗೊಣಗುತ್ತ ಹೋಗುತ್ತಿದ್ದೆ. ಒಂದು ಸಲ ಸಂಕದ ಮೇಲೆ ನಿಂತು ಅರ್ಧ ನಾನೇ ಕುಡಿದದ್ದೂ ಉಂಟು. ಆಕೆ ತಂಬಿಗೆ ತೆಗೆದುಕೊಂಡು ನನ್ನ ಬೆನ್ನನ್ನು ಎರಡು ಸಲ ತಟ್ಟುತ್ತಿದ್ದಳು; ಅದೂ ನನಗೆ ಇಷ್ಟವಾಗುತ್ತಿರಲಿಲ್ಲ.

“ಇದನ್ನ ಯಾಕಮ್ಮ ಇಷ್ಟು ದಿನ ಹೇಳಲಿಲ್ಲ?” ಎಂದೆ.

“ನಿನ್ನ ಹುಟ್ಟಿದ ದಿನ ನೀನು ಯಾವತ್ತು ಕೂತಿದ್ದೀಯೋ? ಬಂದವರನ್ನ ನೋಡ್ಕೊಳ್ಳೋದೇ ಆಗಿತ್ತು” ಎಂದರು.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಆ ಸುದ್ದಿಯನ್ನು ತರಗತಿಯಲ್ಲಿ ಮಕ್ಕಳಿಗೆ ಓದಿ ಹೇಳಿದವನು ನಾನು. ಆಗಲೂ ನನ್ನ ಪಾಯಸದ ತಂಬಿಗೆ ನನಗೆ ನೆನಪಾಗಿರಲಿಲ್ಲ. ನಾನು ಕಥೆ ಕೇಳುವ ಹೊತ್ತಿಗೆ ಆಕೆ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಅಮ್ಮನೂ ಈಗ ಇಲ್ಲ.

ಮೊಮ್ಮಗಳ ವಿಚಾರಕ್ಕೆ ಬರುತ್ತೇನೆ. ಆ ಭಾನುವಾರ ರಾತ್ರಿ ಅವಳಿಗೆ ಒಂದು ಬೇರೆ ಕಾಗದ ಕೊಟ್ಟು, ನೀನೇ ಬರಿ ಎಂದೆ. ಅಕ್ಷರಗಳು ಸಾಲು ತಪ್ಪಿ ನಡೆದಿದ್ದುವು. ಏಳು ಹೆಸರು ಬರೆದಳು. ಐದು ಅವಳ ತರಗತಿಯವರದು. ಒಂದು, ಇಸ್ತ್ರಿ ಅಂಗಡಿಯವರ ಮಗನದು. ಕೊನೆಯ ಹೆಸರು ಯಾರದೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ವಿಚಾರಿಸಿದರೆ ಅವಳ ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಕೈಹಿಡಿದು ಹತ್ತಿಸಿ ಇಳಿಸುವ ಆಯಾ. ಎರಡು ವರ್ಷದಿಂದ ದಿನವೂ ನಮ್ಮ ಗೇಟಿನ ಮುಂದೆ ನಿಲ್ಲುವ ಆಕೆಯ ಹೆಸರನ್ನು ನಾನು ಮೊದಲು ಓದಿದ್ದು ಆ ಕಾಗದದಲ್ಲಿ.

ಮಗ ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಯೋಚಿಸುತ್ತಿದ್ದಾನೆ. ಸಭಾಂಗಣಕ್ಕೆ ಕೊಟ್ಟ ಮುಂಗಡವನ್ನು ಹಿಂದಿರುಗಿಸುವುದಿಲ್ಲವಂತೆ.